ಸಿದ್ದಿಗಳ ಕೈವಾದ್ಯ: ರತನಪುರದ ಗುಡ್ಡದಿಂದ ಯಲ್ಲಾಪುರದ ಕಾಡಿಗೆ

ಬೋಪಾಲ, ಘುಮಾ, ಮಣಿನಗರ ಮೊದಲಾದ ಕಡೆಗಳಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳಲ್ಲಿ, ಊರಿನಿಂದ ಬಂದ ನೆಂಟರನ್ನು ಲಾಲ್ ದರ್ವಾಜಕ್ಕೆ ಕರೆದೊಯ್ದು ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂಧ್ರವನ್ನು ತೋರಿಸದವರು ವಿರಳ. ಒಂದು ಮರ, ಅದರ ಸುತ್ತಿ ಬಳಸಿದ ಕೊಂಬೆಗಳು, ಕೊಂಬೆಗಳ ನಡುವಿನಿಂದ ಸೋಸಿ ಬರುವ ಬೆಳಕು. ಕಲ್ಲೇ ಕಸೂತಿಯಾದಂತೆ ತೋರುತ್ತದೆ. ೧೫೭೨-೭೩ರಲ್ಲಿ, ಗುಜರಾತದ ಸುಲ್ತಾನರ ಆಳಿಕೆ ಮುಗಿದು ಅಕಬರನ ಆಳಿಕೆ ಬರುತ್ತಿದ್ದ ಸಂಧಿಕಾಲದಲ್ಲಿ, ಈ ಮಸೀದಿಯನ್ನು ಕಟ್ಟಿಸಿದ ಸಿದಿ ಸಯ್ಯದನು ಆಫ್ರಿಕ ಮೂಲದವನು. ಅವನ ಹೆಸರಿನ ಮೊದಲಿಗಿರುವ ‘ಸಿದಿ’ ಎಂಬ ಶಬ್ದವೇ ಅದನ್ನು ಹೇಳುತ್ತದೆ. ಜಾಲಂಧ್ರವನ್ನು ಕಣ್ತುಂಬ ನೋಡಿ ಮರಳುವ ನೂರು ಜನರಲ್ಲಿ ಈ ಶಬ್ದದ ಅರ್ಥವನ್ನು ವಿಚಾರಿಸುವವರು ಒಬ್ಬಿಬ್ಬರು ಇದ್ದಾರು.

ಸಿದಿಗಳು ಈ ನಾಡಿಗೆ ಕೊಟ್ಟುದು ಕಲ್ಲಿನ ಕೆಲಸವೊಂದೇ ಅಲ್ಲ. ಕಣ್ಣಿಗೆ ಕಾಣುವ ಆ ಜಾಲಂಧ್ರಕ್ಕಿಂತಲೂ ಹೆಚ್ಚು ಜೀವಂತವಾಗಿ ಅವರ ನಡುವೆ ಉಳಿದು ಬಂದಿರುವ ಇನ್ನೊಂದು ವಸ್ತುವಿದೆ. ಅದು ಕಿವಿಗೆ ಸೇರಿದುದು. ಮರದ ಕೊರಡನ್ನು ಕೊರೆದು, ಬಾಯಿಗೆ ಚರ್ಮವನ್ನು ಬಿಗಿದು, ಅಂಗೈಯಿಂದ ನುಡಿಸುವ ಆಫ್ರಿಕದ ಚರ್ಮವಾದ್ಯ. ಈ ವಾದ್ಯದ ಕಥೆ ಗುಜರಾತದಲ್ಲಿ ಎಷ್ಟಿದೆಯೋ ಅಷ್ಟೇ ನಮ್ಮ ಉತ್ತರ ಕನ್ನಡದಲ್ಲಿಯೂ ಇರುವುದರಿಂದ, ಎರಡೂ ನಾಡುಗಳ ನಂಟುಳ್ಳ ನಮ್ಮ ವಾಚಕರು ಅದನ್ನು ತಿಳಿದುಕೊಳ್ಳುವುದು ಉಚಿತ.

ಅಂಗಡಿಯ ಜೆಂಬೆ

ಇಂದು ದೊಡ್ಡ ಶಹರಗಳ ಸಂಗೀತದ ಅಂಗಡಿಗಳಲ್ಲಿ ತಬಲ, ಢೋಲಕಗಳ ಪಕ್ಕದಲ್ಲಿ ಬಟ್ಟಲಿನಾಕಾರದ ಎತ್ತರವಾದ ವಾದ್ಯವೊಂದನ್ನು ಇಟ್ಟಿರುತ್ತಾರೆ. ಅದರ ಹೆಸರು ಜೆಂಬೆ. ಪಶ್ಚಿಮ ಆಫ್ರಿಕದ ಮಾಲಿ, ಗಿನಿ ದೇಶಗಳ ಮಾಂಡಿಂಗ ಜನರ ವಾದ್ಯವಿದು. ಗಟ್ಟಿ ಮರದ ಒಂದೇ ಕೊರಡನ್ನು ಒಳಗೂ ಹೊರಗೂ ಕೆತ್ತಿ ಇದನ್ನು ಮಾಡುತ್ತಾರೆ. ಮೇಲ್ಭಾಗ ಅಗಲವಾದ ಬಟ್ಟಲು. ಕೆಳಭಾಗ ಸಪೂರವಾದ ತೆರೆದ ಕೊಳವೆ. ಬಟ್ಟಲಿನ ಬಾಯಿಗೆ ಆಡಿನ ತೊಗಲನ್ನು ಹೊದಿಸಿ ಹಗ್ಗದಿಂದ ಬಿಗಿಯುತ್ತಾರೆ. ಸಂಪ್ರದಾಯದಂತೆ ಅದನ್ನು ಕೆತ್ತುವವರು ‘ನೂಮು’ ಎಂಬ ಕಮ್ಮಾರ ಕುಲದವರು. ನುಡಿಸುವುದಕ್ಕೆ ಮಾತ್ರ ಇಂಥದೇ ಕುಲವೆಂಬ ಕಟ್ಟಿಲ್ಲ.

ನುಡಿಸುವ ಕ್ರಮವನ್ನು ಮೂರು ಪೆಟ್ಟುಗಳಲ್ಲಿ ಹೇಳಬಹುದು. ಅಂಗೈಯನ್ನೆಲ್ಲ ಚರ್ಮದ ನಡುವಿಗೆ ಇಳಿಸಿ ತಟ್ಟನೆ ಎತ್ತಿದರೆ ಎದೆಯೊಳಗೆ ಇಳಿಯುವ ಮಂದ್ರನಾದ ಹೊರಡುತ್ತದೆ, ಇದು ಮೊದಲನೆಯದು. ಬೆರಳುಗಳನ್ನು ಜೋಡಿಸಿ, ಅಂಗೈಯ ಮೇಲ್ದಿಣ್ಣೆ ಅಂಚಿಗೆ ಬರುವಂತೆ ಹೊಡೆದರೆ ದುಂಡಾದ ತುಂಬುದನಿ ಬರುತ್ತದೆ, ಇದು ಎರಡನೆಯದು. ಅದೇ ಅಂಚಿನಲ್ಲಿ ಬೆರಳುಗಳನ್ನು ಸಡಿಲಬಿಟ್ಟು ಬೀಸಿ ಹೊಡೆದರೆ ಒಣಗಿದ ಕಟ್ಟಿಗೆ ಮುರಿದಂಥ ಚುರುಕಾದ ಸದ್ದು ಏಳುತ್ತದೆ; ಇದು ಮೂರನೆಯದು. ಜಾಣ್ಮೆಯೆಲ್ಲ ಎರಡನೆಯ ಮತ್ತು ಮೂರನೆಯ ಪೆಟ್ಟುಗಳ ಭೇದದಲ್ಲಿದೆ. ತೋಳಿನ ಬಲದಿಂದ ಅದು ದೊರೆಯುವುದಿಲ್ಲ. ಕಾದ ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ‘ಚುಂಯ್’ ಎಂಬ ಸದ್ದಿನಿಂದಲೇ ದೋಸೆ ಹೊಯ್ಯುವ ಹದವನ್ನು ಅರಿಯುವ ನಮ್ಮ ಹೊಟೇಲಿನ ಅಡಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವಿದ್ಯೆಗಳು ಪುಸ್ತಕದಿಂದ ಬರುವುದಿಲ್ಲ. ಕೈಗೂ ಕಿವಿಗೂ ನಡುವೆ ವರ್ಷಗಟ್ಟಲೆ ಬೆಳೆಯುತ್ತವೆ.

ಜೆಂಬೆಯು ಲೋಕಪ್ರಸಿದ್ಧವಾದುದು ಈಚೆಗೆ. ೧೯೫೦ರ ದಶಕದಲ್ಲಿ ಗಿನಿಯ ಫೊದೇಬಾ ಕೈಟಾ ಅವರ ನೃತ್ಯತಂಡವು ಯುರೋಪಿನ ರಂಗಮಂಚಗಳಲ್ಲಿ ಇದನ್ನು ಕೇಳಿಸಿತು. ೧೯೫೮ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಆ ದೇಶದ ಕಲಾವಿದರ ಮೂಲಕ ಅದು ಇನ್ನಷ್ಟು ದೂರ ಹೋಯಿತು. ಆ ಬಳಿಕ ವ್ಯಾಪಾರದ ದಾರಿಯಲ್ಲಿ ನಮ್ಮ ಅಂಗಡಿಗಳಿಗೂ ಬಂದಿತು. ಆದುದರಿಂದ ಆಫ್ರಿಕದ ಕೈವಾದ್ಯವೆಂದರೆ ಇತ್ತೀಚಿನ ಆಮದು ಎಂದು ಅನೇಕರು ಭಾವಿಸಿರುವುದು ಸಹಜ. ಆದರೆ ಜೆಂಬೆಗಿಂತ ಎಷ್ಟೋ ಮೊದಲು, ಅಂಗಡಿಯ ದಾರಿಯಿಂದಲ್ಲದೆ ಮನುಷ್ಯರ ನೆನಪಿನ ದಾರಿಯಿಂದ, ಆಫ್ರಿಕದ ವಾದ್ಯಗಳು ಈ ನೆಲಕ್ಕೆ ಬಂದಿದ್ದವು.

ಹಡಗಿನಲ್ಲಿ ಬಂದವರು

ಅರಬ್ಬೀ ಸಮುದ್ರದ ಎರಡು ದಂಡೆಗಳ ನಡುವೆ ಹಡಗಿನ ವ್ಯಾಪಾರ ಬಹಳ ಹಳೆಯದು. ಆ ಹಡಗುಗಳಲ್ಲಿ ಬಟ್ಟೆ, ಮಣಿ, ದಂತಗಳ ಜೊತೆಗೆ ಮನುಷ್ಯರೂ ಬಂದರು. ಕೆಲವರು ನಾವಿಕರು, ಕೆಲವರು ಸೈನಿಕರು. ಬಹುಮಂದಿ ಮಾರಾಟಕ್ಕೆ ಬಂದ ಗುಲಾಮರು. ಅವರಲ್ಲಿ ಶೌರ್ಯದಿಂದ ಮೇಲೇರಿದವರೂ ಉಂಟು. ವಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸಖಾನನೆಂಬ ಸಿದ್ದಿ ಮಂತ್ರಿಪದವಿಯನ್ನು ಪಡೆದಿದ್ದನು. ಜಂಜೀರದ ಕೋಟೆಯನ್ನು ಆಳಿದವರೂ ಸಿದ್ದಿಗಳೇ. ಸೂರತಿನಿಂದ ಮುಂಬಯಿ ಕಡೆಗೆ ಗಾಡಿಯಲ್ಲಿ ಹೊರಟವರಿಗೆ ಸಿಗುವ ಸಚಿನ್ ನಿಲ್ದಾಣವನ್ನು, ಅಲ್ಲಿಯ ಕಾರಖಾನೆಗಳನ್ನು ನಮ್ಮವರು ಬಲ್ಲರು. ಜಂಜೀರದ ಮನೆತನದ ಸಿದ್ದಿ ನವಾಬರು ೧೭೯೧ರಲ್ಲಿ ಅಲ್ಲಿಯೇ ತಮ್ಮ ಸಂಸ್ಥಾನವನ್ನು ಸ್ಥಾಪಿಸಿ ೧೯೪೮ರ ವರೆಗೆ ಆಳಿದರು.

ಆದರೆ ನವಾಬರ ಮನೆಗಳಿಗಿಂತ ಗುಡಿಸಲುಗಳ ಸಂಖ್ಯೆಯೇ ಹೆಚ್ಚು. ಪೋರ್ತುಗೀಜರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅಲ್ಲಿಗೆ ತರಲಾದ ಆಫ್ರಿಕದ ಗುಲಾಮರಲ್ಲಿ ಅನೇಕರು ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಭಾಗಗಳಲ್ಲಿ ಇಂದು ಇರುವ ಸಿದ್ದಿಗಳ ಹಿರಿಯರು ಬಹುಮಟ್ಟಿಗೆ ಇವರೇ. ಗುಜರಾತದಲ್ಲಿ ಭರೂಚ ಜಿಲ್ಲೆಯ ರತನಪುರ, ಗೀರ್ ಕಾಡಿನ ಅಂಚಿನ ಜಾಂಬೂರು, ಅಹಮದಾಬಾದು ಮುಂತಾದ ಕಡೆಗಳಲ್ಲಿ ಸಿದಿಗಳು ನೆಲೆಸಿದರು. ಅಲ್ಲಿ ‘ಸಿದಿ’, ನಮ್ಮಲ್ಲಿ ‘ಸಿದ್ದಿ’. ಉಚ್ಚಾರದಲ್ಲಿ ಇಷ್ಟೇ ವ್ಯತ್ಯಾಸ. ಕರ್ನಾಟಕ, ಗುಜರಾತಗಳ ಸಿದ್ದಿಗಳ ರಕ್ತವನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಒಂದು ಶಾಸ್ತ್ರೀಯ ಅಧ್ಯಯನವು, ಇವರ ಮೂಲ ಆಫ್ರಿಕದ ಬಂಟು ಭಾಷೆಗಳನ್ನಾಡುವ ಜನರಲ್ಲಿದೆಯೆಂದು ತೋರಿಸಿತು. ಬಂಟು ಜನರಾದರೂ ಸಾವಿರಾರು ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕದ ಅಂಚಿನಿಂದ, ಇಂದಿನ ಕ್ಯಾಮರೂನ್-ನೈಜೀರಿಯ ಗಡಿಯ ಸೀಮೆಯಿಂದ, ಪೂರ್ವಕ್ಕೂ ದಕ್ಷಿಣಕ್ಕೂ ಹರಡಿದವರೆಂದು ವಿದ್ವಾಂಸರು ಹೇಳುತ್ತಾರೆ. ಜೆಂಬೆಗೂ ಸಿದ್ದಿಗಳ ವಾದ್ಯಕ್ಕೂ ನೇರವಾದ ನಂಟನ್ನು ಕಲ್ಪಿಸಬೇಕಾಗಿಲ್ಲ. ಕೊರಡು, ತೊಗಲು, ಅಂಗೈ ಈ ಮೂರರ ಕೂಟವು ಆ ಖಂಡದಲ್ಲಿ ಎಷ್ಟು ವ್ಯಾಪಕವೆಂಬುದನ್ನು ತಿಳಿದರೆ ಸಾಕು.

ರತನಪುರದ ಗೋಮ

ಅಂಕಲೇಶ್ವರದಿಂದ ರಾಜಪೀಪಲಾದ ಕಡೆಗೆ ಹೋಗುವ ದಾರಿಯಲ್ಲಿ, ಝಗಡಿಯಾ ತಾಲೂಕಿನಲ್ಲಿ, ರತನಪುರವೆಂಬ ಹಳ್ಳಿಯಿದೆ. ಅದರ ಮಗ್ಗುಲ ಗುಡ್ಡದ ಮೇಲೆ ಬಾವಾ ಗೋರ್ ಎಂಬ ಸಂತನ ದರ್ಗಾ. ಆತನ ತಂಗಿ ಮಾಯಿ ಮಿಸ್ರಾ, ತಮ್ಮ ಬಾವಾ ಹಬಶ್ ಇವರ ಸಮಾಧಿಗಳೂ ಅಲ್ಲಿವೆ. ಈ ಸೀಮೆಯ ಗುಡ್ಡಗಳಲ್ಲಿ ಅಕೀಕ್ ಎಂಬ ಹರಳುಗಲ್ಲು ದೊರೆಯುತ್ತದೆ. ಅದು ಖಂಭಾತಕ್ಕೆ ಹೋಗಿ, ಅಲ್ಲಿಯ ಕುಶಲಿಗಳ ಕೈಯಲ್ಲಿ ಮಣಿಯಾಗಿ, ಪೂರ್ವ ಆಫ್ರಿಕದ ಬಂದರುಗಳಿಗೆ ಹೋಗುತ್ತಿತ್ತು. ಮಣಿ ಹೋದ ದಾರಿಯಲ್ಲಿಯೇ ಮನುಷ್ಯರು ಬಂದರು. ಅಕೀಕಿನ ಕಸುಬಿಗೆ ಬಾವಾ ಗೋರನೇ ಮೂಲಪುರುಷನೆಂಬ ನಂಬಿಕೆಯೂ ಅಲ್ಲಿದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದುಗಳು, ಪಾರಸಿಗಳು, ಮುಸಲ್ಮಾನರು ಎಲ್ಲರೂ ಇದ್ದಾರೆ.

ಈ ಸಂತರ ಎದುರಿನಲ್ಲಿ ಸಿದಿಗಳು ನಡೆಸುವ ವಾದ್ಯ, ಹಾಡು, ಕುಣಿತಗಳ ಸೇವೆಗೆ ‘ಗೋಮ’ ಎಂದೂ ‘ಧಮಾಲ್’ ಎಂದೂ ಹೆಸರು. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ಙೋಮ’ ಎಂದರೆ ಚರ್ಮವಾದ್ಯ. ಆ ವಾದ್ಯಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಮನೆಮಾತು ಗುಜರಾತಿಯಾಯಿತು, ಉಡುಗೆ ಊಟಗಳು ಬದಲಾದವು. ಆದರೆ ಈ ಒಂದು ಶಬ್ದ ಅಳಿಯಲಿಲ್ಲ.

ಗೋಮದ ಮುಖ್ಯ ವಾದ್ಯ ‘ಮುಗರ್ಮಾನ್’. ಇದು ಕಾಲುಗಳುಳ್ಳ ಎತ್ತರದ ಚರ್ಮವಾದ್ಯ. ನೆಲದ ಮೇಲೆ ನಿಲ್ಲಿಸಿಯೇ ನುಡಿಸಬೇಕು. ಸಿದಿಗಳಿಗೆ ಇದು ಬರಿಯ ಮರವಲ್ಲ, ಪೂಜ್ಯ ವಸ್ತು. ‘ಮುಸಿಂಡೊ’ ಇನ್ನೊಂದು, ಇದು ಎರಡು ಮುಖಗಳ ಉರುಟಾದ ವಾದ್ಯ, ಹೆಗಲಿಗೆ ತೂಗಹಾಕಿಕೊಂಡು ಕುಣಿಯುತ್ತಲೇ ಎರಡು ಕೈಗಳಿಂದ ನುಡಿಸುವಂಥದು. ಇವುಗಳ ಜೊತೆಗೆ ‘ಮಲುಂಗಾ’ ಎಂಬ ಒಂಟಿತಂತಿಯ ಬಿಲ್ಲು. ಬಿಲ್ಲಿಗೆ ಸೋರೆಬುರುಡೆಯನ್ನು ಕಟ್ಟಿ, ತಂತಿಯನ್ನು ಸಣ್ಣ ಕಡ್ಡಿಯಿಂದ ಮೀಟುತ್ತಾರೆ. ಆಫ್ರಿಕದ ಗುಲಾಮರು ಬ್ರೆಜಿಲ್ ದೇಶಕ್ಕೆ ಕೊಂಡೊಯ್ದ ಬೆರಿಂಬಾವು ಎಂಬ ವಾದ್ಯವೂ ಇಂಥದೇ. ಎರಡು ಸಾಗರಗಳ ಆಚೆ ಈಚೆ ಒಂದೇ ಬಿಲ್ಲು ಮಿಡಿಯುತ್ತಿರುವುದು ಸೋಜಿಗವಲ್ಲವೆ?

ಸೇವೆ ನಿಧಾನವಾಗಿ ಮೊದಲಾಗುತ್ತದೆ. ಒಬ್ಬನು ಹಾಡಿನ ಸೊಲ್ಲನ್ನು ಎತ್ತುತ್ತಾನೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಒಂದು ವಾದ್ಯವು ಬದಲಾಗದ ಒಂದೇ ಗತಿಯನ್ನು ಹಿಡಿದು ಕೂಡುತ್ತದೆ. ಇನ್ನೊಂದು ಆ ಪೆಟ್ಟುಗಳ ಸಂದುಗಳಲ್ಲಿ ತನ್ನ ಪೆಟ್ಟನ್ನು ಇಡುತ್ತದೆ. ಪ್ರತ್ಯೇಕವಾಗಿ ಕೇಳಿದರೆ ಎರಡೂ ಸರಳ. ಕೂಡಿದಾಗ ಮೂರನೆಯ ಒಂದು ನಡೆ ಹುಟ್ಟುತ್ತದೆ. ಅದು ಯಾರೊಬ್ಬರ ಕೈಯಲ್ಲಿಯೂ ಇಲ್ಲ, ಎಲ್ಲರ ನಡುವೆ ಇದೆ. ಕ್ರಮೇಣ ಗತಿ ಏರುತ್ತದೆ, ಹಾಡಿನ ಮಾತುಗಳು ಕಡಮೆಯಾಗುತ್ತವೆ, ಕುಣಿಯುವವರ ಮೈಮೇಲೆ ಆವೇಶ ಬರುತ್ತದೆ. ತೆಂಗಿನಕಾಯಿಯನ್ನು ಮೇಲಕ್ಕೆಸೆದು ತಲೆಯಿಂದ ಒಡೆಯುವ ಪರಿಪಾಠವೂ ಉಂಟು. ನೋಡುವವರಿಗೆ ಅದು ಸಾಹಸ, ಮಾಡುವವರಿಗೆ ಭಕ್ತಿ.

ಯಲ್ಲಾಪುರದ ಡಮಾಮಿ

ಇನ್ನು ನಮ್ಮ ಘಟ್ಟಕ್ಕೆ ಬರೋಣ. ಉತ್ತರ ಕನ್ನಡದ ಸಿದ್ದಿಗಳ ವಾದ್ಯಕ್ಕೆ ‘ಡಮಾಮಿ’ ಎಂದು ಹೆಸರು. ಅದಕ್ಕೆ ಕುಣಿಯುವ ಕುಣಿತವೂ ಡಮಾಮಿಯೇ. ಗುಜರಾತದ ಗೋಮದಂತೆ ಇಲ್ಲಿಯೂ ವಾದ್ಯಕ್ಕೂ ಕುಣಿತಕ್ಕೂ ಒಂದೇ ಹೆಸರಿರುವುದನ್ನು ಗಮನಿಸಬೇಕು. ಕಾಡಿನ ಮರದ ಕೊರಡನ್ನು ಟೊಳ್ಳು ಮಾಡಿ ಎರಡು ಬದಿಗೂ ಚರ್ಮವನ್ನು ಬಿಗಿಯುತ್ತಾರೆ. ಹಿಂದೆ ಇದಕ್ಕೆ ಜಿಂಕೆಯ ಚರ್ಮ ಬಳಕೆಯಲ್ಲಿತ್ತು. ೧೯೭೨ರ ವನ್ಯಜೀವಿ ರಕ್ಷಣೆಯ ಕಾಯಿದೆ ಬಂದ ಮೇಲೆ ಬೇಟೆ ನಿಂತು, ಇಂಥ ವಾದ್ಯಗಳಿಗೆ ಸಾಕಿದ ಪ್ರಾಣಿಗಳ ತೊಗಲೇ ಗತಿಯಾಯಿತು. ವಾದ್ಯವನ್ನು ಅಡ್ಡಲಾಗಿಟ್ಟು ಕುಳಿತು ನುಡಿಸುತ್ತಾರೆ. ಯಕ್ಷಗಾನದ ಮದ್ದಳೆಯನ್ನು ಕೇಳಿ ಬೆಳೆದ ಕರಾವಳಿಯವರಿಗೂ, ಡೊಳ್ಳನ್ನು ಕೇಳಿ ಬೆಳೆದ ಬಯಲುಸೀಮೆಯವರಿಗೂ ಇದರ ಆಕಾರ ಹೊಸದೆನಿಸದು. ಆದರೆ ಮದ್ದಳೆಗಿರುವಂತೆ ಕರಣೆ ಇದಕ್ಕಿಲ್ಲ, ಬಾಯಿಪಾಠದ ಜತಿಗಳಿಲ್ಲ. ಮಗುವು ತಂದೆಯ ಪಕ್ಕದಲ್ಲಿ ಕುಳಿತು ಕೇಳುತ್ತದೆ, ತೊಡೆಯ ಮೇಲೆ ತಾಳ ತಟ್ಟುತ್ತದೆ, ಒಂದು ದಿನ ವಾದ್ಯದ ಮೇಲೆ ಕೈಯಿಡುತ್ತದೆ. ಪಾಠವೆಂದರೆ ಇಷ್ಟೇ.

ಉತ್ತರ ಕನ್ನಡದ ಸಿದ್ದಿಗಳಲ್ಲಿ ಹಿಂದುಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯನ್ನು ಹೋಲುವ ಮಾತು, ಪೇಟೆಯಲ್ಲಿ ಕನ್ನಡ. ಪೂಜೆಯ ಕ್ರಮ ಬೇರೆ, ಹಬ್ಬಗಳು ಬೇರೆ. ಆದರೆ ಡಮಾಮಿಯ ಸದ್ದು ಕೇಳಿದರೆ ಮೂವರೂ ಒಂದೇ ಅಂಗಳಕ್ಕೆ ಬರುತ್ತಾರೆ. ಮತಗಳು ಬೇರೆಮಾಡಿದ ಜನರನ್ನು ಒಂದು ತೊಗಲಿನ ವಾದ್ಯವು ಒಟ್ಟಿಗೆ ಹಿಡಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ವಾದ್ಯವೇ ದಸ್ತೈವಜು

ಇಲ್ಲಿ ನಮ್ಮ ಗುಮಾಸ್ತ ಬಂಧುಗಳ ಮನಸ್ಸಿಗೆ ತಟ್ಟಬಹುದಾದ ಒಂದು ವಿಷಯವಿದೆ. ಹಡಗಿನಿಂದ ಇಳಿಸಿದ ಗುಲಾಮನಿಗೆ ಊರಿನ ಹೆಸರಿರಲಿಲ್ಲ, ಕುಲದ ಹೆಸರಿರಲಿಲ್ಲ. ಒಡೆಯನು ಕೊಟ್ಟ ಹೆಸರೇ ಹೆಸರು. ಕಾಗದಪತ್ರದಲ್ಲಿ ಅವನ ಪೂರ್ವವೃತ್ತಾಂತವನ್ನು ಯಾರೂ ಬರೆದಿಡಲಿಲ್ಲ. ಅವನ ಮಕ್ಕಳು ಮೊಮ್ಮಕ್ಕಳ ಬಳಿ, ತಾವು ಎಲ್ಲಿಂದ ಬಂದವರೆಂಬುದಕ್ಕೆ ಉಳಿದ ದಸ್ತೈವಜು ಈ ವಾದ್ಯ, ಅದರ ಹೆಸರು, ಅದರ ಗತಿ ಇಷ್ಟೇ. ಶಬ್ದಗಳ ಅರ್ಥ ಮರೆತುಹೋದರೂ ಹಾಡಿನಲ್ಲಿ ಆ ಶಬ್ದಗಳನ್ನು ಬಿಡದೆ ಹಾಡುತ್ತ ಬಂದುದರಿಂದಲೇ ವಿದ್ವಾಂಸರಿಗೆ ಸ್ವಾಹಿಲಿಯ ಜಾಡು ಹಿಡಿಯಲು ಸಾಧ್ಯವಾಯಿತು.

ಸರಕಾರದ ಕಡತವಾದರೋ ಬೇರೆ ಗತಿಯಲ್ಲಿ ನಡೆಯುತ್ತದೆ. ಗುಜರಾತದ ಸಿದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿಸಿರುವುದು ಅಮ್ರೇಲಿ, ಭಾವನಗರ, ಜಾಮನಗರ, ಜುನಾಗಢ, ರಾಜಕೋಟ, ಸುರೇಂದ್ರನಗರ ಈ ಆರು ಜಿಲ್ಲೆಗಳ ಮಟ್ಟಿಗೆ. ಭರೂಚ, ಅಹಮದಾಬಾದುಗಳ ಹೆಸರು ಅದರಲ್ಲಿಲ್ಲ. ಜಾಂಬೂರಿನ ಸಿದಿ ಬಾಲಕನಿಗೆ ದೊರೆಯುವ ಸವಲತ್ತು, ಬಾವಾ ಗೋರನ ಗುಡ್ಡದ ಬುಡದಲ್ಲಿಯೇ ಹುಟ್ಟಿದ ರತನಪುರದ ಬಾಲಕನಿಗೆ ದೊರೆಯದು. ಇಬ್ಬರ ಮನೆಯಲ್ಲಿಯೂ ಗೋಮ ಒಂದೇ, ಮೂಲ ಒಂದೇ. ನಡುವೆ ಇರುವುದು ಜಿಲ್ಲೆಯ ಗಡಿ ಮಾತ್ರ. ನಮ್ಮ ರಾಜ್ಯದಲ್ಲಿಯೂ ಇದೇ ಕಥೆ ನಡೆಯಿತು. ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿ ಪಟ್ಟಿಗೆ ಸೇರಿದರು. ಕಾಡಿನ ಆಚೆಯ ಅಂಚಿನಲ್ಲಿರುವ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದೇ ಮನ್ನಣೆಗಾಗಿ ೨೦೨೦ರ ವರೆಗೆ ಕಾಯಬೇಕಾಯಿತು. ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ಒಬ್ಬನು ಹಳಿಯಾಳದಲ್ಲಿಯೂ ಇನ್ನೊಬ್ಬನು ಕಲಘಟಗಿಯ ಕಡೆಗೂ ಇದ್ದರೆ, ಆ ೧೭ ವರ್ಷಗಳಲ್ಲಿ ಒಬ್ಬನ ಮಗನಿಗೆ ಪ್ರಮಾಣಪತ್ರ, ಇನ್ನೊಬ್ಬನ ಮಗನಿಗೆ ಬರಿಗೈ. ಪಟ್ಟಿಯಲ್ಲಿ ಒಂದು ಸಾಲು ಸೇರುವುದಕ್ಕೂ ಬಿಡುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಕಚೇರಿಯಲ್ಲಿ ದುಡಿಯುವವರು ಇತರರಿಗಿಂತ ಚೆನ್ನಾಗಿ ಬಲ್ಲರು.

ಸಿದ್ದಿಗಳು ಕೈಕಟ್ಟಿ ಕುಳಿತವರಲ್ಲ. ಜಾಂಬೂರಿನ ಹೀರಬಾಯಿ ಲೋಬಿ ಅವರು ತಮ್ಮ ಜನರ ಹೆಂಗಸರು ಮಕ್ಕಳಿಗಾಗಿ ಮಾಡಿದ ಸೇವೆಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿ ಅವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಭೆಯನ್ನು ಪ್ರವೇಶಿಸಿದ ಸಿದ್ದಿಗಳಲ್ಲಿ ಮೊದಲಿಗರಾದರು. ಗುಜರಾತದ ‘ಸಿದಿ ಗೋಮ’ ಕಲಾವಿದರು ಹೊರದೇಶಗಳ ವೇದಿಕೆಗಳಲ್ಲಿಯೂ ತಮ್ಮ ಸೇವೆಯನ್ನು ಪ್ರದರ್ಶಿಸಿ ಮನ್ನಣೆ ಪಡೆದಿದ್ದಾರೆ.

ಆದರೂ ಒಂದು ಅಪಾಯವಿದೆ. ಮದುವೆಯ ಮೆರವಣಿಗೆಯಲ್ಲಿ, ದೊಡ್ಡ ಹೊಟೇಲುಗಳ ಅಂಗಳದಲ್ಲಿ, ಪ್ರವಾಸಿಗರ ಮುಂದೆ ಧಮಾಲನ್ನು ಬರಿಯ ತಮಾಷೆಯಾಗಿ ತೋರಿಸುವ ರೂಢಿ ಬೆಳೆದಿದೆ. ನವಿಲುಗರಿ ಬೇಕು, ಕಾಯಿ ಒಡೆಯುವುದು ಬೇಕು. ಎರಡು ಗಂಟೆಯ ಸೇವೆ ಹತ್ತು ನಿಮಿಷಕ್ಕೆ ಮುಗಿಯಬೇಕು. ನಿಧಾನದ ಹಾಡಿಗೆ ಅಲ್ಲಿ ಎಡೆಯಿಲ್ಲ. ಅರ್ಥ ಮರೆತ ಹಳೆಯ ಶಬ್ದಗಳೆಲ್ಲ ಇರುವುದು ಆ ನಿಧಾನದ ಭಾಗದಲ್ಲಿಯೇ. ಕುಣಿತದಿಂದ ನಾಲ್ಕು ಕಾಸು ದೊರೆಯುವುದು ಬೇಡವೆಂದು ಯಾರೂ ಹೇಳಲಾರರು. ಕೂಲಿಗೆ ಹೋಗುವವನಿಗೆ ಆ ಕಾಸಿನ ಬೆಲೆ ಗೊತ್ತು. ಆದರೆ ಕುಣಿದವನು ಬೆವರೊರಸಿಕೊಂಡು ನಿಂತಾಗ, ‘ನೀನು ಯಾವ ದೇಶದವನು?’ ಎಂದು ಕೇಳುವ ನಮ್ಮ ಅಜ್ಞಾನ ಅವನ ಎಲ್ಲ ಸಂಪಾದನೆಯನ್ನೂ ಕಹಿಮಾಡುತ್ತದೆ. ಅವನ ಹಿರಿಯರು ಈ ನಾಡಿಗೆ ಬಂದು ನೂರಾರು ವರ್ಷಗಳಾದುವು. ನಮ್ಮ ಹಿರಿಯರು ಇಡ್ಲಿಯ ಪಾತ್ರೆಯನ್ನು ಹೊತ್ತು ಗುಜರಾತಕ್ಕೆ ಬಂದುದು ಮೊನ್ನೆ ಮೊನ್ನೆ.

ನಮಗೆ ಏನು?

ಊರು ಬಿಟ್ಟು ಬಂದವರಿಗೆ ಸಿದ್ದಿಗಳ ವಾದ್ಯ ಹೇಳುವ ಮಾತು ಸ್ಪಷ್ಟವಾಗಿದೆ. ಅವರು ಇಚ್ಛೆಯಿಂದ ಬಂದವರಲ್ಲ; ನಾವು ಹೊಟ್ಟೆಪಾಡಿಗೆ ಬಂದೆವಾದರೂ ಇಚ್ಛೆಯಿಂದ ಬಂದೆವು. ಅವರಿಗೆ ಹಿಂತಿರುಗುವ ಹಡಗು ಇರಲಿಲ್ಲ. ನಮಗೆ ಪ್ರತಿ ಬೇಸಗೆಯಲ್ಲಿ ರೈಲಿದೆ. ಅವರಿಗೆ ಬರೆದಿಟ್ಟ ಅಕ್ಷರವಿರಲಿಲ್ಲ. ನಮಗೆ ಸಾವಿರ ವರ್ಷಗಳ ಸಾಹಿತ್ಯವಿದೆ. ಇಷ್ಟಿದ್ದೂ ಬೋಪಾಲದ ಮನೆಗಳಲ್ಲಿ ನಮ್ಮ ಮಕ್ಕಳು ಕನ್ನಡವನ್ನು ಅರ್ಥಮಾಡಿಕೊಂಡು ಗುಜರಾತಿಯಲ್ಲಿ ಉತ್ತರ ಕೊಡತೊಡಗಿದ್ದಾರೆ. ಸಿದ್ದಿಗಳ ಗತಿ ಉಳಿದುದು ಅಭಿಮಾನದ ಭಾಷಣಗಳಿಂದಲ್ಲ. ಪ್ರತಿ ಹಬ್ಬದಲ್ಲಿ, ಪ್ರತಿ ಹರಕೆಯಲ್ಲಿ, ಹಿರಿಯರೂ ಕಿರಿಯರೂ ಕೂಡಿ ಕುಳಿತು ಕೈಯಿಂದ ನುಡಿಸಿದುದರಿಂದ ಅದು ಉಳಿಯಿತು. ನುಡಿಸದ ತೊಗಲು ಸಡಿಲುತ್ತದೆ. ಆಡದ ಮಾತೂ ಹಾಗೆಯೇ.

ವಾರದ ರಜೆಯಲ್ಲಿ ಅನುಕೂಲವಿದ್ದವರು ಒಮ್ಮೆ ರತನಪುರದ ಗುಡ್ಡವನ್ನು ಹತ್ತಿ ಬರಬೇಕು. ವಡೋದರದವರಿಗೂ ಸೂರತಿನವರಿಗೂ ಅದು ದೂರವಲ್ಲ. ಅಲ್ಲಿ ಸೇವೆ ನಡೆಯುತ್ತಿದ್ದರೆ ಚಿತ್ರ ತೆಗೆಯುವ ಆತುರವನ್ನು ಬಿಟ್ಟು, ನಿಧಾನದ ಹಾಡನ್ನು ಕೊನೆಯವರೆಗೂ ಕೇಳಬೇಕು. ಬಳಿಕ ವಾದ್ಯದ ಹೆಸರನ್ನು ವಿಚಾರಿಸಿ, ನಮ್ಮ ಊರಿನ ಕಾಡಿನಲ್ಲಿಯೂ ನಿಮ್ಮ ಬಂಧುಗಳಿದ್ದಾರೆ, ಅವರು ಇದನ್ನು ಡಮಾಮಿ ಎನ್ನುತ್ತಾರೆ ಎಂದು ತಿಳಿಸಬೇಕು. ಎರಡು ನಾಡುಗಳನ್ನೂ ಬಲ್ಲ ನಾವಲ್ಲದೆ ಆ ಸುದ್ದಿಯನ್ನು ಅವರಿಗೆ ಮುಟ್ಟಿಸುವವರು ಬೇರೆ ಯಾರಿದ್ದಾರೆ?